ಬೆಂಗಳೂರು ಗ್ರಾಮಾಂತರ ಜಿಲ್ಲೆ: ವಿಶ್ವವಿದ್ಯಾಲಯಗಳ ಜನಸಂಪರ್ಕ, ದತ್ತಿ ಮತ್ತು ದೇಣಿಗೆ

ವಿಶ್ವವಿದ್ಯಾಲಯವೊಂದು ತನ್ನ ಕಾಂಪೌಂಡು ದಾಟಿ ಊರಿನವರ ಬಳಿಗೆ ಹೋಗಿ, ತನಗೆ ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದನ್ನು ಕೇಳಿ ತಿಳಿದು ಬರುವ ಕೆಲಸಕ್ಕೆ ವಿಸ್ತರಣೆ ಎನ್ನುತ್ತಾರೆ. ಊರಿನವರು ತಮ್ಮ ಗಳಿಕೆಯಲ್ಲಿ ಒಂದಷ್ಟನ್ನು ಆ ಸಂಸ್ಥೆಗೆ ಕೊಡುವುದು ದತ್ತಿ, ದೇಣಿಗೆ, ವಂತಿಗೆ. ಈ ಎರಡನ್ನೂ ಇಂದು ಬೇರೆ ಬೇರೆ ಕಚೇರಿಗಳು ನೋಡಿಕೊಳ್ಳುತ್ತವೆ. ಕಡತಗಳೂ ಬೇರೆ, ಅಧಿಕಾರಿಗಳೂ ಬೇರೆ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಇವು ಒಂದೇ ಕೊಡುಕೊಳ್ಳುವಿಕೆಯ ಎರಡು ಮಗ್ಗುಲುಗಳೆಂಬುದು ಸ್ಪಷ್ಟವಾಗುತ್ತದೆ. ಮೊದಲು ಊರಿಗೆ ಹೋದ ಸಂಸ್ಥೆಗೆ ಊರು ತನ್ನ ಕೈಲಾದದ್ದನ್ನು ಕೊಟ್ಟಿದೆ. ಊರನ್ನು ಕೇಳದೆ ಬಂದು ನೆಲೆಯೂರಿದ ಸಂಸ್ಥೆಯನ್ನು ಊರು ದೂರದಿಂದಲೇ ನೋಡಿದೆ.

ಹಳೆಯ ಬೆಂಗಳೂರು ಜಿಲ್ಲೆಯನ್ನು 1986ರಲ್ಲಿ ನಗರ, ಗ್ರಾಮಾಂತರ ಎಂದು ಒಡೆಯಲಾಯಿತು. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ಗ್ರಾಮಾಂತರಕ್ಕೆ ಉಳಿದದ್ದು ನಾಲ್ಕೇ ತಾಲ್ಲೂಕು. 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟ ಇದನ್ನು ಬೆಂಗಳೂರು ಉತ್ತರ ಜಿಲ್ಲೆ ಎಂದು ಕರೆಯಲು ತೀರ್ಮಾನಿಸಿತು. ಹೆಸರು, ಗಡಿ ಎಷ್ಟು ಬದಲಾದರೂ ಒಂದು ಸಂಗತಿ ಬದಲಾಗಿಲ್ಲ. ಇಲ್ಲಿನ ರೈತ, ನೇಕಾರ, ಹಾಲು ಹಾಕುವ ಹೆಂಗಸು, ಎಲ್ಲರ ಬದುಕೂ ಪಕ್ಕದ ಮಹಾನಗರಕ್ಕೆ ಬೆಸೆದುಕೊಂಡಿದೆ. ಉನ್ನತ ಶಿಕ್ಷಣದ ದೊಡ್ಡ ಸಂಸ್ಥೆಗಳೂ ಬಹುಕಾಲ ಆ ನಗರದಲ್ಲೇ ಇದ್ದವು. ಹೀಗಾಗಿ ಈ ಜಿಲ್ಲೆಯ ಜನಸಂಪರ್ಕದ ಚರಿತ್ರೆಯೆಂದರೆ ಬಹುಮಟ್ಟಿಗೆ ನಗರದ ವಿಶ್ವವಿದ್ಯಾಲಯಗಳು ಹಳ್ಳಿಗೆ ಬಂದ ಚರಿತ್ರೆ.

ಕನ್ನಡ ನಾಡಿನಲ್ಲಿ ಕಲಿಕೆಗಾಗಿ ಊರೇ ವಂತಿಗೆ ಹಾಕಿಕೊಂಡ ದಾಖಲೆಗಳು ಸಾವಿರ ವರ್ಷಕ್ಕೂ ಹಳೆಯವು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಅಲ್ಲಿ ವಿದ್ಯಾಲಯ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ವಸತಿ, ದೀಪದ ಎಣ್ಣೆಗೆಂದು ಪ್ರತ್ಯೇಕ ಭೂಮಿ, ಮುಖ್ಯ ಗುರುವಿಗೆ ಪ್ರತ್ಯೇಕ ಭೂಮಿ ಎಲ್ಲವೂ ಶಾಸನದಲ್ಲಿವೆ. ಅದಕ್ಕಿಂತ ಕುತೂಹಲದ ಸಂಗತಿ ಊರ ಬ್ರಾಹ್ಮಣ ಮಹಾಜನರು ಒಪ್ಪಿಕೊಂಡ ಕಟ್ಟಳೆ. ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಇನ್ನೂ ಕಡಿಮೆ, ಹೀಗೆ ಸಂತೋಷದ ಪ್ರತಿ ಸಂದರ್ಭದಲ್ಲೂ ವಿದ್ಯಾಲಯಕ್ಕೆ ಒಂದು ಪಾಲು. ರಾಜನ ಕೊಡುಗೆಯೊಂದನ್ನೇ ನೆಚ್ಚಿಕೊಂಡರೆ ಸಂಸ್ಥೆ ಉಳಿಯದೆಂಬ ಅರಿವು ಆ ಮಹಾಜನರಿಗಿತ್ತು. ನೂರು ವರ್ಷಗಳ ನಂತರ, 1058ರ ಕಲಬುರಗಿ ಸೀಮೆಯ ನಾಗಾವಿ ಶಾಸನದಲ್ಲಿ ಇನ್ನೂರು ವೇದ ವಿದ್ಯಾರ್ಥಿಗಳು, ಐವತ್ತೆರಡು ಶಾಸ್ತ್ರ ವಿದ್ಯಾರ್ಥಿಗಳು, ಆರು ಮಂದಿ ಸರಸ್ವತೀ ಭಂಡಾರಿಗರು ಬರುತ್ತಾರೆ. ಇವೆಲ್ಲ ಕೆಲವೇ ಜಾತಿಗಳಿಗೆ ಮೀಸಲಾಗಿದ್ದ ವಿದ್ಯಾಸ್ಥಾನಗಳು. ಎಲ್ಲರಿಗೂ ಬಾಗಿಲು ತೆರೆದ ವಿಶ್ವವಿದ್ಯಾಲಯಕ್ಕೆ ಎಲ್ಲರೂ ಕೊಡುವ ದಿನ ಬರಲು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಭೂಮಿಯಿಂದ ಆರಂಭ

ಬೆಂಗಳೂರಿನ ಸುತ್ತ ಆಧುನಿಕ ವಿದ್ಯಾಸಂಸ್ಥೆಗಳಿಗೆ ಸಂದ ಮೊದಲ ಕೊಡುಗೆ ದುಡ್ಡಲ್ಲ, ನೆಲ. 1899ರಲ್ಲಿ ಮೈಸೂರಿನ ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಾಗವನ್ನು ಕೃಷಿ ಪ್ರಯೋಗ ಕ್ಷೇತ್ರಕ್ಕೆ ಕೊಟ್ಟರು. ಲೆಹ್ಮನ್ ಎಂಬ ವಿಜ್ಞಾನಿ ಅಲ್ಲಿ ಕೆಲಸ ಆರಂಭಿಸಿದರು. ಆ 30 ಎಕರೆಯೇ ಮುಂದೆ ಕೃಷಿ ಶಾಲೆಯಾಗಿ, ಕೃಷಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆಯಿತು.

ಭಾರತೀಯ ವಿಜ್ಞಾನ ಸಂಸ್ಥೆಯದೂ ಇಂಥದೇ ಕತೆ. ಜಮ್‌ಷೆಡ್‌ಜಿ ಟಾಟಾ ಮುಂಬಯಿಯಲ್ಲಿದ್ದ ತಮ್ಮ ಕಟ್ಟಡಗಳನ್ನೂ ಭೂಮಿಯನ್ನೂ ಈ ಸಂಸ್ಥೆಗೆಂದು ಮೀಸಲಿಟ್ಟರು. ಆದರೆ ಅದು ತಲೆಯೆತ್ತುವ ಮೊದಲೇ, 1904ರಲ್ಲಿ ತೀರಿಕೊಂಡರು. 1907ರಲ್ಲಿ ಮೈಸೂರು ಸರ್ಕಾರ 371 ಎಕರೆ ಜಾಗ ಕೊಟ್ಟು, ಹಣದ ನೆರವನ್ನೂ ಸೇರಿಸಿ ಸಂಸ್ಥೆಯನ್ನು ಬೆಂಗಳೂರಿಗೆ ತಂದುಕೊಂಡಿತು. 1909ರಲ್ಲಿ ಸಂಸ್ಥೆ ಕಾನೂನಿನಂತೆ ಅಸ್ತಿತ್ವಕ್ಕೆ ಬಂತು. ಮುಂಬಯಿಯ ವ್ಯಾಪಾರಿಯ ಆಸ್ತಿ, ಮೈಸೂರಿನ ನೆಲ ಎರಡೂ ಕೂಡಿದಾಗಲೇ ಅದು ಸಾಧ್ಯವಾದದ್ದು. ಆ ಪರಂಪರೆ ಇಂದಿಗೂ ಕಡಿದಿಲ್ಲ. 2014ರಲ್ಲಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ಮಿದುಳು ಸಂಶೋಧನಾ ಕೇಂದ್ರಕ್ಕೆ 225 ಕೋಟಿ ರೂಪಾಯಿಯ ನೆರವು ಘೋಷಿಸಿತು. 2022ರಲ್ಲಿ ಸುಸ್ಮಿತಾ–ಸುಬ್ರತೋ ಬಾಗ್ಚಿ ಮತ್ತು ರಾಧಾ–ಎನ್.ಎಸ್. ಪಾರ್ಥಸಾರಥಿ ದಂಪತಿಗಳು 800 ಹಾಸಿಗೆಗಳ ಆಸ್ಪತ್ರೆಗೆ 425 ಕೋಟಿ ರೂಪಾಯಿ ನೀಡಲು ಮುಂದಾದರು. ಅಲ್ಲಿಯವರೆಗೆ ಆ ಸಂಸ್ಥೆಗೆ ಬಂದ ಖಾಸಗಿ ಕೊಡುಗೆಗಳಲ್ಲಿ ಅದೇ ಅತಿ ದೊಡ್ಡದು.

ಇವು ನಗರದ, ಅದರಲ್ಲೂ ಮಾಹಿತಿ ತಂತ್ರಜ್ಞಾನದಿಂದ ಬಂದ ಸಂಪತ್ತಿನ ಕೊಡುಗೆಗಳು. ಅದೇ ನಗರದಿಂದ ನಲವತ್ತು ಕಿಲೋಮೀಟರ್ ದೂರದ ದೊಡ್ಡಬಳ್ಳಾಪುರದಲ್ಲಿ ಕೊಡುವವರ ಕೈ ಬೇರೆ, ಕೊಡುವ ಬಗೆಯೂ ಬೇರೆ.

ಹಾಡೋನಹಳ್ಳಿಯ ಕೇಂದ್ರ

ಜಿಲ್ಲೆಯಲ್ಲಿ ವಿಶ್ವವಿದ್ಯಾಲಯ ಎಂಬ ಮಾತು ರೈತನ ಬಾಯಲ್ಲಿ ಬಂದರೆ ಅದು ಬಹುತೇಕ ಜಿಕೆವಿಕೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲೇ ಇದೆ. ಈ ವಿಶ್ವವಿದ್ಯಾಲಯವನ್ನು ರೂಪಿಸುವಾಗ ಅಮೆರಿಕದ ಲ್ಯಾಂಡ್ ಗ್ರಾಂಟ್ ಕಾಲೇಜುಗಳ ಮಾದರಿ ಕಣ್ಣ ಮುಂದಿತ್ತು. ಟೆನೆಸ್ಸೀ ವಿಶ್ವವಿದ್ಯಾಲಯದ ತಜ್ಞರು ಬಂದು ನೆರವಾದರು. ಅಮೆರಿಕದಲ್ಲಿ 1862ರ ಮೊರಿಲ್ ಕಾಯ್ದೆ ಸರ್ಕಾರಿ ಭೂಮಿಯಿಂದ ಬರುವ ಹಣದಲ್ಲಿ ಕೃಷಿ ಕಾಲೇಜುಗಳನ್ನು ಕಟ್ಟಲು ದಾರಿ ಮಾಡಿತ್ತು. 1914ರ ಸ್ಮಿತ್–ಲೀವರ್ ಕಾಯ್ದೆ ಆ ಕಾಲೇಜುಗಳಿಗೆ ಹಳ್ಳಿ ಹಳ್ಳಿಗೆ ಹೋಗುವ ಹೊಣೆಯನ್ನು ಹೊರಿಸಿತು. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಆ ಕಲ್ಪನೆಯೇ ಹೆಬ್ಬಾಳಕ್ಕೆ ಬಂದದ್ದು.

ಆ ಕಲ್ಪನೆಯ ಈ ಜಿಲ್ಲೆಯ ರೂಪ ದೊಡ್ಡಬಳ್ಳಾಪುರ ತಾಲ್ಲೂಕು ತೂಬುಗೆರೆ ಹೋಬಳಿಯ ಹಾಡೋನಹಳ್ಳಿಯಲ್ಲಿದೆ. ಅಲ್ಲಿನ ಕೃಷಿ ವಿಜ್ಞಾನ ಕೇಂದ್ರವನ್ನು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಹಣದಲ್ಲಿ ಕೃಷಿ ವಿಶ್ವವಿದ್ಯಾಲಯ ನಡೆಸುತ್ತದೆ. ಕೆಲಸದ ಕ್ರಮ ಸರಳ, ಆದರೆ ತಾಳ್ಮೆ ಬೇಡುವಂಥದು. ವಿಶ್ವವಿದ್ಯಾಲಯದ ತಾಕಿನಲ್ಲಿ ಗೆದ್ದ ತಳಿ ಅಥವಾ ಪದ್ಧತಿಯನ್ನು ಮೊದಲು ಕೆಲವು ರೈತರ ಹೊಲದಲ್ಲೇ ಪರೀಕ್ಷೆಗೆ ಇಡುತ್ತಾರೆ. ರೈತ ತನ್ನ ಹಳೆಯ ಪದ್ಧತಿಯ ಪಕ್ಕದಲ್ಲೇ ಹೊಸದನ್ನು ಮಾಡಿ ನೋಡುತ್ತಾನೆ. ಗೆದ್ದರೆ ಅದೇ ಹೊಲ ಮುಂಚೂಣಿ ಪ್ರಾತ್ಯಕ್ಷಿಕೆಯ ತಾಕಾಗುತ್ತದೆ. ಕ್ಷೇತ್ರೋತ್ಸವದ ದಿನ ಸುತ್ತಲಿನ ಹಳ್ಳಿಯವರು ಬಂದು ತೆನೆ ಹಿಡಿದು ನೋಡಿ, ಆ ರೈತನನ್ನೇ ಪ್ರಶ್ನೆ ಕೇಳುತ್ತಾರೆ. ಸೋತರೆ ವಿಜ್ಞಾನಿ ಆ ಕಾರಣವನ್ನು ಹೊತ್ತು ಜಿಕೆವಿಕೆಗೆ ಮರಳಬೇಕು. ವಿಜ್ಞಾನಿಗೂ ರೈತನಿಗೂ ನಡುವೆ ನಂಬಿಕೆ ಹುಟ್ಟುವುದು ಈ ಎರಡನೆಯ ಹಂತದಲ್ಲಿ, ಸೋಲನ್ನು ಒಪ್ಪಿಕೊಂಡು ಮತ್ತೆ ಬಂದಾಗ.

ರಾಗಿಯ ವಿಷಯದಲ್ಲಿ ಈ ನಂಬಿಕೆ ತಲೆಮಾರಿನಷ್ಟು ಹಳೆಯದು. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ ಲಕ್ಷ್ಮಣಯ್ಯನವರನ್ನು ಹಳೆಯ ಮೈಸೂರು ಸೀಮೆಯ ರೈತರು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಬೆಂಕಿರೋಗ ತಡೆಯುವ ಜಿಪಿಯು-28 ತಳಿ ಮುಂದೆ ಅದೇ ಹೊಲಗಳಲ್ಲಿ ಹರಡಿತು. ತಿನ್ನುವ ಮುದ್ದೆಯ ಹಿಂದೆ ಒಂದು ವಿಶ್ವವಿದ್ಯಾಲಯ ಇದೆಯೆಂದು ಗೊತ್ತಿರುವ ಊರಿನಲ್ಲಿ ಆ ಸಂಸ್ಥೆಯವರಿಗೆ ಜಗಲಿಯ ಮೇಲೆ ಜಾಗ ಸಿಗುತ್ತದೆ.

ಪದವಿಯ ಕೊನೆಯ ವರ್ಷದಲ್ಲಿ ಕೃಷಿ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಅವರಿಗೆ ವಾಸಕ್ಕೆ ಜಾಗ ಬಿಟ್ಟುಕೊಡುವುದು, ಪ್ರಾತ್ಯಕ್ಷಿಕೆಗೆ ತಾಕು ಕೊಡುವುದು, ಹಬ್ಬಕ್ಕೆ ಊಟಕ್ಕೆ ಕರೆಯುವುದು, ಇದ್ಯಾವುದೂ ವಿಶ್ವವಿದ್ಯಾಲಯದ ಲೆಕ್ಕಪತ್ರದಲ್ಲಿ ದೇಣಿಗೆಯಾಗಿ ಕಾಣುವುದಿಲ್ಲ. ಆದರೆ ಈ ಜಿಲ್ಲೆಯ ಹಳ್ಳಿಗಳು ಉನ್ನತ ಶಿಕ್ಷಣಕ್ಕೆ ಕೊಟ್ಟದ್ದರಲ್ಲಿ ದೊಡ್ಡ ಪಾಲು ಇದೇ. ಈ ಸಂಬಂಧದಿಂದ ಹುಟ್ಟಿದ ಸಂಘಟನೆಗಳೂ ಇವೆ. ತೂಬುಗೆರೆಯ ಹಲಸು ಬೆಳೆಗಾರರ ಸಂಘ ಕಟ್ಟುವಲ್ಲಿ ಕೃಷಿ ವಿಶ್ವವಿದ್ಯಾಲಯದ ಬೆಂಬಲವಿತ್ತು. ದಾರಿಬದಿಯಲ್ಲಿ ಬಿದ್ದು ಕೊಳೆಯುತ್ತಿದ್ದ ಹಣ್ಣಿಗೆ ತಳಿಯ ಗುರುತು, ಮಾರುಕಟ್ಟೆ, ಮೇಳದ ಮಳಿಗೆ ದಕ್ಕಿದ್ದು ಆ ಮೇಲೆ.

ಮೇಳ, ಪ್ರಶಸ್ತಿ, ದತ್ತಿ

ಸಾಮಾನ್ಯವಾಗಿ ನವೆಂಬರ್‌ನಲ್ಲಿ ಜಿಕೆವಿಕೆಯಲ್ಲಿ ನಡೆಯುವ ಕೃಷಿಮೇಳ ಕರ್ನಾಟಕದ ವಿಶ್ವವಿದ್ಯಾಲಯವೊಂದು ನಡೆಸುವ ಅತಿ ದೊಡ್ಡ ಜನಸಂಪರ್ಕದ ಸಂದರ್ಭಗಳಲ್ಲೊಂದು. ಲಕ್ಷಾಂತರ ಮಂದಿ ಬಂದು ಹೋಗುತ್ತಾರೆ. ಹೊಸಕೋಟೆ, ದೇವನಹಳ್ಳಿ ಕಡೆಯ ರೈತರಿಗೆ ಅದು ಬೀಜ ಕೊಳ್ಳುವ, ಯಂತ್ರ ನೋಡುವ, ಸಾಲದ ಬಗ್ಗೆ ವಿಚಾರಿಸುವ, ನೆಂಟರನ್ನು ಕಾಣುವ ಜಾತ್ರೆಯೂ ಹೌದು. ವಿಶ್ವವಿದ್ಯಾಲಯಕ್ಕೆ ಆ ನಾಲ್ಕು ದಿನ ತನ್ನ ಇಡೀ ವರ್ಷದ ಸಂಶೋಧನೆಯನ್ನು ಜನರ ಮುಂದೆ ಒಪ್ಪಿಸುವ ಲೆಕ್ಕ.

ಮೇಳದ ವೇದಿಕೆಯಲ್ಲಿ ಕೊಡುವ ಪ್ರಶಸ್ತಿಗಳ ಹೆಸರುಗಳನ್ನು ಗಮನಿಸಬೇಕು. ಸಿ. ಭೈರೇಗೌಡ ರಾಜ್ಯಮಟ್ಟದ ಅತ್ಯುತ್ತಮ ರೈತ ಪ್ರಶಸ್ತಿ, ಡಾ. ಎಂ.ಎಚ್. ಮರಿಗೌಡ ಹೆಸರಿನ ತೋಟಗಾರಿಕೆ ಪ್ರಶಸ್ತಿ, ಡಾ. ಆರ್. ದ್ವಾರಕೀನಾಥ್ ಹೆಸರಿನ ಪ್ರಶಸ್ತಿ, ಕೆನರಾ ಬ್ಯಾಂಕ್ ಪ್ರಾಯೋಜಿಸುವ ರೈತ ಮತ್ತು ರೈತ ಮಹಿಳೆ ಪ್ರಶಸ್ತಿಗಳು. ಒಬ್ಬರು ರಾಜಕಾರಣಿ, ಒಬ್ಬರು ಲಾಲ್‌ಬಾಗಿನ ತೋಟಗಾರಿಕೆಗೆ ಜೀವ ತೇಯ್ದವರು, ಒಬ್ಬರು ಅದೇ ವಿಶ್ವವಿದ್ಯಾಲಯವನ್ನು ನಡೆಸಿದವರು. ಒಬ್ಬರ ನೆನಪು, ಮತ್ತೊಬ್ಬರ ಹಣ, ವಿಶ್ವವಿದ್ಯಾಲಯದ ಆಯ್ಕೆ ಮೂರೂ ಕೂಡಿ ಒಬ್ಬ ರೈತನ ಕೊರಳಿಗೆ ಹಾರವಾಗುತ್ತದೆ. ಪಟ್ಟಣದ ಪದವೀಧರನಿಗೆ ಸಿಗುವ ಮನ್ನಣೆ ಉಳುವವನಿಗೂ ಸಿಗಬೇಕೆಂಬ ಈ ಏರ್ಪಾಡು ಸಣ್ಣದಲ್ಲ.

ಕನ್ನಡದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯ ಜನ ಹಣ ಕೊಡುವ ಮುಖ್ಯ ದಾರಿ ದತ್ತಿ. ನಿವೃತ್ತ ಮೇಷ್ಟರು ತೀರಿಕೊಂಡ ಹೆಂಡತಿಯ ಹೆಸರಿನಲ್ಲಿ, ಮಕ್ಕಳು ತಂದೆಯ ಹೆಸರಿನಲ್ಲಿ, ಹಳೆಯ ವಿದ್ಯಾರ್ಥಿಗಳು ಗುರುವಿನ ಹೆಸರಿನಲ್ಲಿ ಒಂದು ಮೊತ್ತ ಕಟ್ಟುತ್ತಾರೆ. ಅದನ್ನು ಬ್ಯಾಂಕಿನಲ್ಲಿ ಮುದ್ದತು ಠೇವಣಿ ಇಡಲಾಗುತ್ತದೆ. ಮೂಲಧನ ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಚಿನ್ನದ ಪದಕ, ನಗದು ಬಹುಮಾನ ಅಥವಾ ಒಂದು ದತ್ತಿ ಉಪನ್ಯಾಸ. ಕನ್ನಡ ಸಾಹಿತ್ಯ ಪರಿಷತ್ತು ಇದೇ ಕ್ರಮವನ್ನು ತಾಲ್ಲೂಕು ಮಟ್ಟಕ್ಕೆ ಒಯ್ದಿತು. ದೊಡ್ಡಬಳ್ಳಾಪುರದ ಅಥವಾ ನೆಲಮಂಗಲದ ಕಾಲೇಜೊಂದರಲ್ಲಿ ಪರಿಷತ್ತಿನ ದತ್ತಿ ಉಪನ್ಯಾಸ ನಡೆದರೆ ಆ ಮಕ್ಕಳಿಗೆ ಒಬ್ಬ ವಿದ್ವಾಂಸರನ್ನು ಎದುರಿಗೆ ಕೂತು ಕೇಳುವ ಅವಕಾಶ ಒದಗುತ್ತದೆ.

ದತ್ತಿಗೆ ಒಂದು ಗಂಭೀರ ತೊಡಕಿದೆ. ಅದರ ಬಗ್ಗೆ ಸಾಕಷ್ಟು ಚರ್ಚೆಯಾಗಿಲ್ಲ. 2000ನೇ ಇಸವಿಯ ಸುಮಾರಿಗೆ ಯಾರಾದರೂ 25 ಸಾವಿರ ರೂಪಾಯಿ ದತ್ತಿ ಇಟ್ಟರೆಂದುಕೊಳ್ಳಿ. ಶೇ 10ರ ಬಡ್ಡಿಯಲ್ಲಿ ವರ್ಷಕ್ಕೆ 2,500 ರೂಪಾಯಿ. ಆಗ ಚಿನ್ನ ಗ್ರಾಮಿಗೆ ನಾನೂರು ಚಿಲ್ಲರೆ ರೂಪಾಯಿ ಇತ್ತು; ಐದು ಗ್ರಾಮಿನ ಪದಕ ಮಾಡಿಸಬಹುದಿತ್ತು. ಈಗ ಬಡ್ಡಿ ಶೇ 6ರ ಆಸುಪಾಸು, ಚಿನ್ನ ಗ್ರಾಮಿಗೆ ಹತ್ತು ಸಾವಿರ ದಾಟಿದೆ. ಅದೇ ಠೇವಣಿಯಿಂದ ಬರುವ 1,500 ರೂಪಾಯಿಗೆ ಕಾಲು ಗ್ರಾಮು ಚಿನ್ನವೂ ಬಾರದು. ಅದಕ್ಕಾಗಿಯೇ ಹಲವು ವಿಶ್ವವಿದ್ಯಾಲಯಗಳಲ್ಲಿ ಚಿನ್ನದ ಪದಕವೆಂದರೆ ಈಗ ಚಿನ್ನದ ಲೇಪ. ದಾನಿಗೆ ಬರೆದುಕೊಟ್ಟ ಷರತ್ತು ಅದೇ, ಬಡ್ಡಿಯ ಬಲ ಮಾತ್ರ ಉಳಿದಿಲ್ಲ. ಹೊಸ ದತ್ತಿಗಳಿಗೆ ಕನಿಷ್ಠ ಮೊತ್ತ ಏರಿಸಿದರೆ ಸಂಸ್ಥೆಗೆ ಅನುಕೂಲವಾಗಬಹುದು, ಆದರೆ ಪ್ರೌಢಶಾಲೆಯ ಮೇಷ್ಟರೊಬ್ಬರು ದತ್ತಿ ಇಡುವ ಬಾಗಿಲು ಅಷ್ಟರಮಟ್ಟಿಗೆ ಮುಚ್ಚುತ್ತದೆ.

ಊರಿಗೆ ಬಂದ ಪ್ರಾಧ್ಯಾಪಕರು

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಈ ಸೀಮೆ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಆ ವಿಶ್ವವಿದ್ಯಾಲಯ 1930ರ ದಶಕದಿಂದ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿತು. ಪ್ರಾಧ್ಯಾಪಕರು ಪಟ್ಟಣ, ಹೋಬಳಿಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯಗಳ ಬಗ್ಗೆ ಕನ್ನಡದಲ್ಲಿ ಮಾತಾಡುವುದು, ಆ ಮಾತನ್ನೇ ಸಣ್ಣ ಪುಸ್ತಕವಾಗಿ ಅಗ್ಗದ ಬೆಲೆಗೆ ಹಂಚುವುದು. ಕುವೆಂಪು ಕುಲಪತಿಯಾಗಿದ್ದ 1956ರಿಂದ 1960ರ ಅವಧಿಯಲ್ಲಿ ಈ ಕೆಲಸಕ್ಕೆ ಹೊಸ ಹುರುಪು ಬಂತು. ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ವಿಜ್ಞಾನಿಗಳು ಕನ್ನಡದಲ್ಲಿ ಬರೆಯಲು ಕೂತರು. ಹಣ ಸಂಗ್ರಹ ಅದರ ಉದ್ದೇಶವಾಗಿರಲಿಲ್ಲ. ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆ ತೆರಿಗೆ ಕಟ್ಟುವ ಜನರಿಗೆ ಸಲ್ಲಿಸಬೇಕಾದ ಋಣ ಎಂಬ ಭಾವ ಅದರ ಹಿಂದಿತ್ತು.

ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಆ ಭಾವವನ್ನು ಉಳಿಸಿದವರು ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಓದಿಗಾಗಿ ಬೆಂಗಳೂರಿಗೆ ನಡೆದುಕೊಂಡೇ ಬಂದದ್ದು ಪ್ರಸಿದ್ಧ. 1972ರಿಂದ 1977ರವರೆಗೆ ಕುಲಪತಿಯಾಗಿದ್ದಾಗ ಅವರು ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿ ದೇಶದ ಗಮನ ಸೆಳೆದರು. ಅದಕ್ಕೂ ಮೊದಲು, 1962ರಲ್ಲಿ, ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿ ವಿಜ್ಞಾನಿಗಳನ್ನು ಸಾಮಾನ್ಯರ ಮುಂದೆ ನಿಲ್ಲಿಸಿದ್ದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತಲೆಯೆತ್ತುವುದರ ಹಿಂದೆ ಅವರ ಶ್ರಮವಿತ್ತು. ಹಾಸ್ಟೆಲಿನ ಕೋಣೆಯೊಂದರಲ್ಲೇ ಬದುಕು ಕಳೆದ ಇಂಥವರು ಕೈ ಚಾಚಿದರೆ ಇಲ್ಲವೆನ್ನುವುದು ಯಾರಿಗೂ ಸುಲಭವಿರಲಿಲ್ಲ.

ಈಚೆಗೆ ಇಂಥ ಜನಸಂಪರ್ಕ ವ್ಯಕ್ತಿಯ ಹಂಬಲಕ್ಕಿಂತ ನಿಯಮದ ಬಲದಿಂದ ನಡೆಯುತ್ತದೆ. 1969ರಲ್ಲಿ ದೇಶದ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಗಳು, 2014ರ ಉನ್ನತ ಭಾರತ ಅಭಿಯಾನದಡಿ ಹಳ್ಳಿಗಳನ್ನು ದತ್ತು ಪಡೆಯುವುದು, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ವಿಸ್ತರಣಾ ಚಟುವಟಿಕೆಗಳಿಗೂ ಹಳೆಯ ವಿದ್ಯಾರ್ಥಿಗಳ ದೇಣಿಗೆಗೂ ಅಂಕ, ಇವೆಲ್ಲ ಆ ಬಗೆಯವು. ಅಂಕಕ್ಕಾಗಿ ನಡೆದ ಶಿಬಿರದಲ್ಲೂ ಒಳ್ಳೆಯದು ನಡೆಯಬಹುದು. ಆದರೆ ಫೋಟೊ ತೆಗೆಸಿಕೊಂಡು ಸಂಜೆಗೆ ಹೊರಟವರನ್ನೂ ಮುಂದಿನ ಮಳೆಗಾಲಕ್ಕೆ ಮತ್ತೆ ಬಂದವರನ್ನೂ ಹಳ್ಳಿ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಸಮುದಾಯಗಳ ದುಡ್ಡು

ಕರ್ನಾಟಕದ ಹಲವು ವಿದ್ಯಾಸಂಸ್ಥೆಗಳನ್ನು ಕಟ್ಟಿದ್ದು ಸಮುದಾಯಗಳ, ಮಠಗಳ ವಂತಿಗೆ. ಬೆಳಗಾವಿಯಲ್ಲಿ 1916ರಲ್ಲಿ ಸಪ್ತರ್ಷಿಗಳೆಂದು ಹೆಸರಾದ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಆರಂಭಿಸಿದರು. ಅದರ ಕಾಲೇಜುಗಳ ಹೆಸರುಗಳಲ್ಲೇ ದಾನಿಗಳ ಪಟ್ಟಿ ಇದೆ: ಶಿರಸಂಗಿಯ ಲಿಂಗರಾಜ ದೇಸಾಯಿ, ರಾಜಾ ಲಖಮಗೌಡ, ಬಿ.ವಿ. ಭೂಮರಡ್ಡಿ. 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡದ ಕರ್ನಾಟಕ ಕಾಲೇಜಿಗಾಗಿ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಊರೂರಿನಿಂದ ಹಣ ಕೂಡಿಸಿದರು; 1917ರಲ್ಲಿ ಕಾಲೇಜು ತೆರೆಯಿತು. ಅದೇ ಕಾಲದಲ್ಲಿ ಮದನ ಮೋಹನ ಮಾಳವೀಯರು ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕಾಗಿ ದೇಶವೆಲ್ಲ ತಿರುಗಿ ಹಣ ಬೇಡುತ್ತಿದ್ದರು. ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿಯವರೇ.

ಬೆಂಗಳೂರು ಗ್ರಾಮಾಂತರದಲ್ಲಿ ಇದರ ಪ್ರಮಾಣ ಸಣ್ಣದು, ಸ್ವರೂಪ ಮಾತ್ರ ಅದೇ. ಮಗ್ಗದ ಊರಾದ ದೊಡ್ಡಬಳ್ಳಾಪುರದಲ್ಲಿ ದೇವಾಂಗ ಮಂಡಳಿಯವರು ನಡೆಸುವ ಕಾಲೇಜಿಗೆ ಕೊಂಗಾಡಿಯಪ್ಪನವರ ಹೆಸರಿದೆ; ಊರು ಅವರನ್ನು ಲೋಕಸೇವಾನಿರತ ಎಂದು ಕರೆಯಿತು. ಇದೇ ತಾಲ್ಲೂಕಿನ ತೂಬುಗೆರೆಯಲ್ಲಿ 1925ರಲ್ಲಿ ಹುಟ್ಟಿದ ಆರ್.ಎಲ್. ಜಾಲಪ್ಪ ಹಿಂದುಳಿದ ವರ್ಗಗಳ ಮಕ್ಕಳ ಶಿಕ್ಷಣವನ್ನು ಗುರಿಯಾಗಿಟ್ಟುಕೊಂಡು ದೇವರಾಜ ಅರಸು ಹೆಸರಿನ ಟ್ರಸ್ಟ್ ಕಟ್ಟಿದರು. ಕೋಲಾರದಲ್ಲಿ ಅದು ನಡೆಸುವ ವೈದ್ಯಕೀಯ ಕಾಲೇಜು ಈಗ ಪರಿಗಣಿತ ವಿಶ್ವವಿದ್ಯಾಲಯದ ಭಾಗ. ದೊಡ್ಡಬಳ್ಳಾಪುರದಲ್ಲಿ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ. ನೆಲಮಂಗಲದ ಕಡೆ ರೈತರು ಸುಗ್ಗಿಯಾದ ಮೇಲೆ ಸಿದ್ಧಗಂಗಾ ಮಠದ ದಾಸೋಹಕ್ಕೆ ರಾಗಿ, ಅಕ್ಕಿ, ತರಕಾರಿ ಕಳುಹಿಸುತ್ತಾರೆ. ಆ ಧಾನ್ಯದಿಂದ ಉಂಡು ಓದಿದ ಸಾವಿರಾರು ಬಡ ಮಕ್ಕಳು ಮುಂದೆ ವಿಶ್ವವಿದ್ಯಾಲಯಗಳ ಮೆಟ್ಟಿಲು ಹತ್ತಿದರು. ರೈತನಿಗೆ ಚೆಕ್ಕು ಬರೆಯುವುದಕ್ಕಿಂತ ಮೂಟೆ ಹೊರುವುದು ಸಹಜ. ಉನ್ನತ ಶಿಕ್ಷಣದ ಕಚೇರಿಗಳು ಮೂಟೆಯನ್ನು ಸ್ವೀಕರಿಸುವ ದಾರಿಯನ್ನು ಇನ್ನೂ ಕಂಡುಕೊಂಡಿಲ್ಲ.

ಹೊಸ ವಿಶ್ವವಿದ್ಯಾಲಯಗಳು

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಜಿಲ್ಲೆಗೆ ಖಾಸಗಿ ವಿಶ್ವವಿದ್ಯಾಲಯಗಳು ಬರತೊಡಗಿದವು. ವಿಶಾಖಪಟ್ಟಣದಲ್ಲಿ 1980ರಲ್ಲಿ ಆರಂಭವಾದ ಗೀತಂ 2012ರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ನಾಗದೇನಹಳ್ಳಿಯಲ್ಲಿ ಬೆಂಗಳೂರು ಕ್ಯಾಂಪಸ್ ತೆರೆಯಿತು. ಅದರ ಸ್ಥಾಪಕ ಎಂ.ವಿ.ವಿ.ಎಸ್. ಮೂರ್ತಿ 2018ರ ಅಕ್ಟೋಬರ್‌ನಲ್ಲಿ ಅಲಾಸ್ಕದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆಂದು ಎಂಬತ್ತರ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿದ್ದರು. ಖಾಸಗಿ ಸಂಸ್ಥೆಗಳಿಗೆ ಹಳೆಯ ವಿದ್ಯಾರ್ಥಿಗಳ ಬಳಗ ಎಷ್ಟು ಮುಖ್ಯವಾಗಿದೆ ಎಂಬುದಕ್ಕೆ ಆ ಪಯಣವೇ ಸಾಕ್ಷಿ.

ದೇವನಹಳ್ಳಿ ತಾಲ್ಲೂಕಿನ ಹರಳೂರಿನಲ್ಲಿರುವ ಚಾಣಕ್ಯ ವಿಶ್ವವಿದ್ಯಾಲಯದ್ದು ಬೇರೆ ಕತೆ. ಸೆಂಟರ್ ಫಾರ್ ಎಜುಕೇಷನಲ್ ಅಂಡ್ ಸೋಷಿಯಲ್ ಸ್ಟಡೀಸ್ ಎಂಬ ಸಂಸ್ಥೆ ಇದರ ಪ್ರಾಯೋಜಕ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ರೈತರಿಂದ ಸ್ವಾಧೀನಪಡಿಸಿಕೊಂಡಿದ್ದ 116 ಎಕರೆಯನ್ನು ಸುಮಾರು 50 ಕೋಟಿ ರೂಪಾಯಿಗೆ ಕೊಡಲು ರಾಜ್ಯ ಸರ್ಕಾರ ತೀರ್ಮಾನಿಸಿತ್ತು. 2021ರ ಸೆಪ್ಟೆಂಬರ್‌ನಲ್ಲಿ ವಿಧಾನಮಂಡಲದಲ್ಲಿ ವಿಶ್ವವಿದ್ಯಾಲಯದ ಮಸೂದೆ ಬಂದಾಗ ವಿರೋಧ ಪಕ್ಷ, ಭೂಮಿಯ ಬೆಲೆ ಅದರ ಹಲವು ಪಟ್ಟು ಎಂದು ಆಕ್ಷೇಪಿಸಿತು. ಗದ್ದಲದ ನಡುವೆ ಮಸೂದೆ ಅಂಗೀಕಾರವಾಯಿತು. ಉನ್ನತ ಶಿಕ್ಷಣಕ್ಕೆ ರಿಯಾಯಿತಿ ದರದ ಭೂಮಿ ಸಹಜ ಎಂಬುದು ಸರ್ಕಾರದ ಕಡೆಯವರ ವಾದವಾಗಿತ್ತು. ಯಾರ ಲೆಕ್ಕ ಸರಿಯೆಂದು ವಾದಿಸುವವರು ಇಂದಿಗೂ ಇದ್ದಾರೆ. ಇಲ್ಲಿ ಹೇಳಬೇಕಾದ ಮಾತು ಬೇರೆ: ಮಾರುಕಟ್ಟೆಗಿಂತ ಅಗ್ಗವಾಗಿ ಸಿಕ್ಕ ಭೂಮಿಯೂ ಒಂದು ದೇಣಿಗೆಯೇ. ಅದನ್ನು ಕೊಟ್ಟವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಆ ಹೊಲಗಳಲ್ಲಿ ರಾಗಿ, ದ್ರಾಕ್ಷಿ ಬೆಳೆದವರು. ಯಾವ ಶಿಲಾಫಲಕದಲ್ಲೂ ಅವರ ಹೆಸರು ಇರುವುದಿಲ್ಲ.

ಈ ತಾಲ್ಲೂಕಿನಲ್ಲಿ ಭೂಮಿ ಎಂಥ ನೋವಿನ ವಿಷಯ ಎಂಬುದನ್ನು ಚನ್ನರಾಯಪಟ್ಟಣ ಹೋಬಳಿ ತೋರಿಸಿದೆ. 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಪ್ರಸ್ತಾವವನ್ನು ಕೈಬಿಟ್ಟಿತು. ಅದು ವಿಶ್ವವಿದ್ಯಾಲಯಕ್ಕಾಗಿ ಅಲ್ಲ, ಏರೋಸ್ಪೇಸ್ ಪಾರ್ಕಿಗಾಗಿ. ಆದರೂ ಅದೇ ನೆರೆಯಲ್ಲಿ ಕ್ಯಾಂಪಸ್ ಕಟ್ಟಿದವರಿಗೆ ಸುತ್ತಲಿನ ಹಳ್ಳಿಗಳ ಜೊತೆ ಬೆಸೆಯುವ ಕೆಲಸ ಐಚ್ಛಿಕವಲ್ಲ, ಕರ್ತವ್ಯ.

ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಇನ್ನೊಂದು ಮಾದರಿ ಇದೆ. ವಿಶ್ವೇಶ್ವರಯ್ಯನವರು ಹುಟ್ಟಿದ ಆ ಊರಿನಲ್ಲಿ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ಸಂಸ್ಥೆಯನ್ನು 2023ರ ಮಾರ್ಚ್ 25ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಅಲ್ಲಿ ವೈದ್ಯಕೀಯ ಶಿಕ್ಷಣವೂ ಚಿಕಿತ್ಸೆಯೂ ಉಚಿತ. ಭಕ್ತರ, ದಾನಿಗಳ ಹಣದಿಂದ ನಡೆಯುವ ಇಂಥ ಸಂಸ್ಥೆಯಲ್ಲಿ ಶ್ರದ್ಧೆಯೇ ಮೂಲಧನ. ಚಿಕಿತ್ಸೆ ಪಡೆದ ಹಳ್ಳಿಯವರೇ ಅದರ ಪ್ರಚಾರಕರೂ ಆಗುತ್ತಾರೆ.

ಕಾನೂನು, ಕಂಪನಿ, ಸಣ್ಣ ದಾನಿ

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿಯ ನಿವ್ವಳ ಮೌಲ್ಯ, 1,000 ಕೋಟಿಯ ವಹಿವಾಟು ಅಥವಾ 5 ಕೋಟಿಯ ಲಾಭ ಇರುವ ಕಂಪನಿ ತನ್ನ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ತಾನಿರುವ ಸ್ಥಳದ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಶಿಕ್ಷಣವೂ, ಸರ್ಕಾರಿ ಹಣದ ವಿಶ್ವವಿದ್ಯಾಲಯಗಳ ವಿಜ್ಞಾನ ಸಂಶೋಧನೆಯೂ ಅದರ ಪಟ್ಟಿಯಲ್ಲಿವೆ. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ, ನೆಲಮಂಗಲದ ದಾಬಸ್‌ಪೇಟೆ, ವೋಲ್ವೊ ಲಾರಿ ತಯಾರಾಗುವ ಹೊಸಕೋಟೆ ಎಲ್ಲವೂ ಕೈಗಾರಿಕೆ ತುಂಬಿದ ಜಾಗಗಳು. ಇಲ್ಲಿನ ಸರ್ಕಾರಿ ಪದವಿ ಕಾಲೇಜುಗಳಿಗೆ ಪ್ರಯೋಗಾಲಯವೋ ಗ್ರಂಥಾಲಯವೋ ಬೇಕಾದರೆ ಕೇಳುವ ಬಾಗಿಲು ನಡೆದು ಹೋಗುವಷ್ಟು ಹತ್ತಿರದಲ್ಲಿದೆ.

ವ್ಯಕ್ತಿಗಳ ದೇಣಿಗೆಗೆ ಆದಾಯ ತೆರಿಗೆಯ 80ಜಿ ಕಲಮಿನ ವಿನಾಯಿತಿ ಇತ್ತು, ಈಗಲೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇದೆ. 2023ರಿಂದ ಹೊಸ ಪದ್ಧತಿಯೇ ಸಹಜ ಆಯ್ಕೆಯಾಗಿದ್ದು, ಅದರಲ್ಲಿ ಆ ವಿನಾಯಿತಿ ಇಲ್ಲ. ನಗದಾಗಿ ಕೊಟ್ಟರೆ 2,000 ರೂಪಾಯಿ ಮೀರಿದ ಮೊತ್ತಕ್ಕೆ ಯಾವ ವಿನಾಯಿತಿಯೂ ಸಿಗದು. ಸಂತೆಯಲ್ಲಿ ನಗದು ಎಣಿಸಿಕೊಂಡೇ ಅಭ್ಯಾಸವಾದ ರೇಷ್ಮೆ ಬೆಳೆಗಾರನಿಗೆ ಇದು ಸಣ್ಣ ಅಡ್ಡಿಯಲ್ಲ. ಹೊರದೇಶದ ಪ್ರಜೆಗಳಾದ ಕನ್ನಡಿಗರು ಹುಟ್ಟೂರಿನ ಕಾಲೇಜಿಗೆ ಹಣ ಕಳುಹಿಸಬೇಕಾದರೆ ಆ ಸಂಸ್ಥೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಾಯಿಸಿರಬೇಕು. 2020ರ ತಿದ್ದುಪಡಿಯ ಮೇಲೆ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯ ಖಾತೆಗೇ ಮೊದಲು ಬರಬೇಕು. ತಾಲ್ಲೂಕಿನ ಕಾಲೇಜಿನ ಗುಮಾಸ್ತರೊಬ್ಬರು ಈ ಕಾಗದಪತ್ರವನ್ನೆಲ್ಲ ನಿಭಾಯಿಸುವುದು ಕಷ್ಟ. ವಿಶ್ವವಿದ್ಯಾಲಯವೊಂದು ತನ್ನ ಸಂಯೋಜಿತ ಕಾಲೇಜುಗಳ ಪರವಾಗಿ ಈ ಹೊರೆ ಹೊತ್ತರೆ ಸಣ್ಣ ಊರಿನ ಹಳೆಯ ವಿದ್ಯಾರ್ಥಿಗಳಿಗೆ ದಾರಿ ತೆರೆದೀತು.

ಹಳೆಯ ದತ್ತಿಗಳ ಪ್ರಶ್ನೆ ಉಳಿದೇ ಇದೆ. ಒಂದೊಂದರ ಬಡ್ಡಿಯಲ್ಲೂ ಏನೂ ಮಾಡಲಾಗದ ಸ್ಥಿತಿಯಲ್ಲಿ, ಒಂದೇ ವಿಷಯಕ್ಕೆ ಸೇರಿದ ಹಲವು ಸಣ್ಣ ದತ್ತಿಗಳನ್ನು ಕೂಡಿಸಿ ಒಂದು ವಿದ್ಯಾರ್ಥಿವೇತನವಾಗಿ ಮಾಡಬಹುದು. ಪದಕದ ಬದಲು ಹಳ್ಳಿಯ ಒಬ್ಬ ಹುಡುಗಿಯ ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕಕ್ಕೆ ಅದು ಒದಗುತ್ತದೆ. ಪ್ರಮಾಣಪತ್ರದಲ್ಲಿ ಎಲ್ಲ ದಾನಿಗಳ ಹೆಸರನ್ನೂ ಅಚ್ಚು ಹಾಕಬಹುದು. ಅದಕ್ಕೆ ದಾನಿಯ ಅಥವಾ ವಾರಸುದಾರರ ಒಪ್ಪಿಗೆ, ಸಿಂಡಿಕೇಟಿನ ನಿರ್ಣಯ, ವರ್ಷಕ್ಕೊಮ್ಮೆ ದತ್ತಿಗಳ ಲೆಕ್ಕವನ್ನು ದಾನಿಗಳ ಮನೆಗೆ ಕಳುಹಿಸುವ ಶಿಸ್ತು ಬೇಕು. ವಾರಸುದಾರರ ವಿಳಾಸ ಹುಡುಕಿಕೊಂಡು ದೊಡ್ಡಬಳ್ಳಾಪುರದ ಮಗ್ಗದ ಬೀದಿಗೋ ಹೊಸಕೋಟೆಯ ಹೋಬಳಿಗೋ ಒಬ್ಬ ಅಧಿಕಾರಿ ಹೋದರೆ ದೇಣಿಗೆಯ ಕೆಲಸವೂ ಜನಸಂಪರ್ಕದ ಕೆಲಸವೂ ಒಂದೇ ಭೇಟಿಯಲ್ಲಿ ನಡೆಯುತ್ತವೆ.